ಮಾರಿಕಣಿವೆಯ ಹೀಬ್ರೂ ಪಾಠ

ಸಾವು ದಿನವೂ ಸುಳಿಯುವ ಜಾಗದಲ್ಲೇ ನಗುವಂಥ ಸಂಗತಿಗಳು ಯಾಕೆ ಹೆಚ್ಚು ನಡೆಯುತ್ತವೋ, ನನಗೆ ಇಂದಿಗೂ ತಿಳಿದಿಲ್ಲ.

ಮಾರಿಕಣಿವೆಗೆ ಕಟ್ಟೆ ಕಟ್ಟುತ್ತಿದ್ದ ಕಾಲ. ನಾನು ಅಲ್ಲಿ ನಕ್ಷೆ ಬರೆಯುವ ಗುಮಾಸ್ತ. ಓವರ್ಸಿಯರು ಬೊಂಬಾಯಿ ಕಡೆಯ ಯಹೂದಿ. ಚಳಿಜ್ವರ ಅವರನ್ನೂ ಹಿಡಿದಾಗ ನನ್ನನ್ನು ಕರೆಸಿ, “ನಾನು ಇಲ್ಲೇ ಸತ್ತರೆ ಗುಂಡಿಯ ಪಕ್ಕ ನಿಂತು ನಮ್ಮ ಭಾಷೆಯಲ್ಲಿ ಒಂದು ಮಾತಾಡುವವರಿಲ್ಲ. ನೀವು ಹೀಬ್ರೂ ಕಲಿಯಿರಿ” ಎಂದರು. ಅವರಿಗೂ ಪ್ರಾರ್ಥನೆಯಷ್ಟೇ ಬಾಯಿಪಾಠ. ಜೆರೂಸಲೇಮಿನಲ್ಲಿ ಆ ದೇವಭಾಷೆಯನ್ನು ಆಗಷ್ಟೇ ಮನೆಮಾತಾಗಿ ಆಡತೊಡಗಿದ್ದರಂತೆ. ಅಲ್ಲಿಂದ ಪಾಠಗಳು ಒಂದೊಂದಾಗಿ ಅಂಚೆಯಲ್ಲಿ ಬರುತ್ತಿದ್ದವು. ಒಪ್ಪಿದೆ. ಒಪ್ಪಿದ ಮೇಲೆ ನಾನು ಯಾವುದನ್ನೂ ಅರ್ಧಂಬರ್ಧ ಮಾಡುವವನಲ್ಲ.

ವಾರದ ಹೆಸರು

ಹೀಬ್ರೂವಿನಲ್ಲಿ ವಾರಗಳಿಗೆ ಹೆಸರಿಲ್ಲ. ಒಂದನೆಯ ದಿನ, ಎರಡನೆಯ ದಿನ ಎಂದು ಎಣಿಕೆ. ಶನಿವಾರಕ್ಕೆ ಮಾತ್ರ ಹೆಸರುಂಟು: ಶಬ್ಬಾತ್, ಅಂದರೆ ಕೆಲಸ ನಿಲ್ಲಿಸುವುದು. ಗಂಜಿ ತಂದಿದ್ದ ಕಲ್ಲುಕೆಲಸದ ಮೇಸ್ತ್ರಿ, ತುರುವನೂರಿನ ಲಿಂಗವಂತ, ಇದನ್ನೆಲ್ಲ ಕೇಳಿಸಿಕೊಂಡ.

“ಜ್ವರ ಬರೋ ದಿನಕ್ಕೂ ಒಂದು ಹೆಸ್ರು ಇಡ್ರಿ ಸ್ವಾಮಿ. ಇಲ್ಲಿ ನಮಗೆ ಕೆಲ್ಸ ನಿಲ್ಲೋದು ಅವತ್ತೊಂದೇ ದಿನ.”

ಕುಶಲಪ್ರಶ್ನೆ

‘ಮಾ ಶ್ಲೋಮ್ಖಾ’ ಎಂದರೆ ಹೇಗಿದ್ದೀರಿ ಎಂದು. ಅದರೊಳಗಿರುವ ಶಾಲೋಮ್ ಎಂಬುದರ ಬೇರು ‘ಶಾಲೇಮ್’, ಏನೂ ಕೊರತೆಯಿಲ್ಲದ್ದು. ಆ ಹೊತ್ತಿಗೆ ಓವರ್ಸಿಯರ ಮೈಯಲ್ಲಿ ಅರ್ಧವೇ ಉಳಿದಿತ್ತು. ಆದರೂ ಕೇಳಿದೆ. ಮೂರು ಕಂಬಳಿಯೊಳಗೆ ಗಡಗಡ ನಡುಗುತ್ತಾ “ತೋವ್” ಎಂದರು, ಚೆನ್ನಾಗಿದ್ದೇನೆ.

“ಸುಳ್ಳು ಹೇಳಬೇಡಿ,” ಎಂದೆ.

“ಕಾಯಿಲೆಯ ಶಬ್ದಗಳೆಲ್ಲ ಎಂಟನೆಯ ಪಾಠದಲ್ಲಿವೆಯಂತೆ, ಅದಿನ್ನೂ ಬಂದಿಲ್ಲ. ಕ್ರಮ ತಪ್ಪಬಾರದು ಎಂದವರು ನೀವೇ. ಅಲ್ಲಿಯವರೆಗೆ ನಾನು ಚೆನ್ನಾಗಿಯೇ ಇರಬೇಕು.”

ಬದುಕಿನ ಮನೆ

ಸ್ಮಶಾನಕ್ಕೆ ಅವರಲ್ಲಿ ‘ಬೇತ್ ಹಯ್ಯೀಮ್’ ಎನ್ನುತ್ತಾರೆ: ಬದುಕಿನ ಮನೆ. ಇದು ಶುದ್ಧ ಅಸತ್ಯ, ನಾನು ಬರೆದುಕೊಳ್ಳುವುದಿಲ್ಲ ಎಂದು ಹಟ ಹಿಡಿದೆ.

ಮೇಸ್ತ್ರಿಗೆ ರೇಗಿತು. “ನಿಮ್ಮನೇಲಿ ದೀಪ ಆರ್ಸು ಅಂತಾರಾ, ದೊಡ್ಡದು ಮಾಡು ಅಂತಾರಾ? ಬಳೆ ಒಡದ್ರೆ ಹೆಚ್ಚಿತು ಅನ್ನಲ್ವಾ? ಬರ್ಕಳ್ರಿ ಸುಮ್ನೆ!”

ಬರೆದುಕೊಂಡೆ.

ಅಳತೆ

ಓವರ್ಸಿಯರು ಉಳಿಯಲಿಲ್ಲ. ಮಣ್ಣು ಹಾಕುವ ಮುಂಚೆ ಗುಂಡಿಯ ಪಕ್ಕ ನಿಂತು, ಹೇಳಬೇಕಾದ್ದನ್ನು ಹೀಬ್ರೂವಿನಲ್ಲಿ ಹೇಳಿದೆ. ಉಚ್ಚಾರ ತಪ್ಪಲಿಲ್ಲ, ದನಿ ಮಾತ್ರ ಒಂದೆರಡು ಕಡೆ ತಪ್ಪಿತು.

ಅದಕ್ಕೆ ನಾಲ್ಕು ದಿನ ಮೊದಲು ಡಾಕ್ಟರು, “ಇನ್ನು ಸಂಜೆ ದಾಟುವುದಿಲ್ಲ” ಎಂದು ಹೇಳಿ ಹೋಗಿದ್ದರು. ಮೇಸ್ತ್ರಿ ತಾನೇ ನಿಂತು ಗುಂಡಿ ತೋಡಿಸಿದ. ಅಷ್ಟರಲ್ಲಿ ರೋಗಿಗೆ ಬೆವರಿ ಜ್ವರ ಇಳಿಯಿತು. ಎದ್ದು ಕೂತವರೇ, “ನನ್ನ ಕೈಕೆಳಗಿನ ಕೆಲಸವನ್ನು ನಾನೇ ತನಿಖೆ ಮಾಡಬೇಕು” ಎಂದರು. ಕುರ್ಚಿಯಲ್ಲಿ ಹೊತ್ತು ತಂದೆವು. ಅಳತೆಪಟ್ಟಿ ಬಿಟ್ಟು ನೋಡಿದರು. ಆಳ ಬೇಕಾದಷ್ಟು, ಉದ್ದ ಮೂರೇ ಅಡಿ.

“ಏನಿದು, ಬಾವಿಯೇ?”

“ನಿಮಗೇ ಸ್ವಾಮಿ. ಒಳಗೆ ಆರಾಮಾಗಿ ಕುಂತ್ಕಳ್ರಿ. ನಮ್ಮಪ್ಪನ್ನೂ ಹಿಂಗೇ ಪದ್ಮಾಸನ ಹಾಕ್ಸಿ ಕುಂಡ್ರಿಸಿದ್ದು.”

“ನಮ್ಮಲ್ಲಿ ಮಲಗಿಸಬೇಕು. ಈ ಕೆಲಸ ಪಾಸಾಗುವುದಿಲ್ಲ.”

ಮೇಸ್ತ್ರಿ ಗುಂಡಿಗಿಳಿದು ಹಾರೆಯಿಂದ ಪಕ್ಕದ ಗೋಡೆ ತಟ್ಟಿ ನೋಡಿದ. ಠಣ್ ಎಂದಿತು.

“ಬಂಡೆ ಐತೆ ಸ್ವಾಮಿ. ಉದ್ದ ಮಾಡೋಕೆ ಮೂರು ದಿನ ಹಿಡೀತೈತೆ,” ಎಂದು ತಲೆಯೆತ್ತಿ ಕೈಮುಗಿದ. “ಅಲ್ಲೀತಂಕ ವಸಿ ತಡ್ಕಳ್ರಿ.”