ಎಡಗಿವಿಯ ಹಿಂದಿನ ಕಡಲ್ಗುದುರೆಗೆ ಟೈಲರಮ್ಮನ ಮನವಿ

ಇವರಿಗೆ,
ಶ್ರೀಮಾನ್ ಹಿಪ್ಪೊಕ್ಯಾಂಪಸ್ ಅವರು,
ಎಡ ಟೆಂಪೊರಲ್ ಲೋಬ್, ಕಿವಿಯಿಂದ ಒಳಕ್ಕೆ,
ನನ್ನ ತಲೆ.

ಮಾನ್ಯರೇ,

ತಮಗೆ ಪಾದಗಳಿದ್ದರೆ ಪಾದಗಳಿಗೆ, ಇಲ್ಲದಿದ್ದರೆ ಬಾಲಕ್ಕೆ, ಈ ಬಡ ಟೈಲರಮ್ಮನ ಸವಿನಯ ನಮಸ್ಕಾರಗಳು. ನಲವತ್ತೊಂದು ವರ್ಷ ಒಂದೇ ಬುರುಡೆಯೊಳಗೆ ಬಾಳಿದರೂ ತಮ್ಮ ಹೆಸರು ನನಗೆ ತಿಳಿದದ್ದು ಕಳೆದ ತಿಂಗಳು, ಅದೂ ಡಾಕ್ಟರರ ಬಾಯಿಂದ, ಎಂಬುದಕ್ಕೆ ಕ್ಷಮೆ ಇರಲಿ. ನೆನಪು ಕಾಯುವ ಮಿದುಳಿನ ತುಣುಕಾದ ತಮ್ಮ ಹೆಸರಿಗೆ ಕಡಲ್ಗುದುರೆ ಎಂದು ಅರ್ಥವಂತೆ. ಸ್ಕ್ಯಾನಿಂಗ್ ಫೋಟೊದಲ್ಲಿ ನನಗೆ ಕಂಡದ್ದು ಮಾತ್ರ ಒಂದೇ ಒಗೆತಕ್ಕೆ ಕುಗ್ಗಿಹೋದ ಕಾಲರ್. ನಾನು ಎರಡು ವರ್ಷದ ಕೂಸಾಗಿದ್ದಾಗ ಜ್ವರ ನೆತ್ತಿಗೇರಿ ಬಂದ ದೊಡ್ಡ ಫಿಟ್ಸ್‌ನಲ್ಲಿ ತಮಗೆ ಆ ಸುಕ್ಕು ಬಿದ್ದಿರಬಹುದೆಂದು ಡಾಕ್ಟರರ ಊಹೆ. ಅಂದಿನಿಂದ ತಾವು ಮುನಿಸಿಕೊಂಡಿದ್ದೀರಿ, ನಾನು ಅನುಭವಿಸುತ್ತಿದ್ದೇನೆ.

ಮೊದಲು ಹೊಗಳಿಕೆ, ಆಮೇಲೆ ದೂರು, ಅದೇ ಕ್ರಮವಷ್ಟೆ. ಮಿದುಳಿನಲ್ಲಿ ಕೂಗುವ ನರಕೋಶಗಳಿರುವಂತೆ 'ಸಾಕು, ಸುಮ್ಮನಿರಿ' ಎನ್ನುವ ನರಕೋಶಗಳೂ ಇರುತ್ತವಂತೆ, ತಮ್ಮ ವಠಾರದಲ್ಲಿ ಆ 'ಸಾಕು' ಎನ್ನುವವರು ಬಹಳ ಮಂದಿ ಸತ್ತುಹೋಗಿರುವುದರಿಂದ ಒಬ್ಬ ಕೂಗಿದರೆ ಲಕ್ಷಾಂತರ ಮಂದಿ ಒಟ್ಟಿಗೆ, ಒಂದೇ ತಾಳಕ್ಕೆ ಕೂಗುತ್ತಾರಂತೆ. ಎಂಥ ಒಗ್ಗಟ್ಟು! ಮೂರು ಮಿಷನ್ನು, ಮೂರು ಜನ ಇರುವ ನನ್ನ ಅಂಗಡಿಯಲ್ಲಿ ಫ್ಯಾನು ಹಾಕಬೇಕೋ ಬೇಡವೋ ಎಂಬ ವಿಷಯದಲ್ಲೂ ಇದುವರೆಗೆ ಒಮ್ಮತ ಮೂಡಿಲ್ಲ. ಇಂಥ ಸಂಘಟನಾ ಶಕ್ತಿಯನ್ನು ತಾವು ನನ್ನ ತಲೆಯೊಳಗೇ ವ್ಯರ್ಥ ಮಾಡುತ್ತಿದ್ದೀರಲ್ಲ ಎಂಬುದಷ್ಟೇ ನನ್ನ ಸಂಕಟ.

ತಾವು ತಮ್ಮ ಮನೆಯಲ್ಲಿ ಗಲಾಟೆ ಮಾಡಿಕೊಂಡು ಸುಮ್ಮನಾಗಿದ್ದರೆ ಈ ಪತ್ರ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ. ಆದರೆ ತಮಗೆ ತಿರುಗಾಟದ ಚಟ. ಮೊದಲು ಹೊಟ್ಟೆಯಿಂದ ಏನೋ ಎದ್ದು ಗಂಟಲಿಗೆ ಬರುತ್ತದೆ, ಪಕ್ಕದ ಮನೆಯಲ್ಲಿರುವ ಬಾದಾಮಿ ಆಕಾರದ, ಹೆದರಿಕೆ ಖಾತೆಯ ಮಹನೀಯರನ್ನು ತಾವು ಎಬ್ಬಿಸುತ್ತೀರಿ, ಕಾರಣವೇ ಇಲ್ಲದೆ ನನ್ನ ಎದೆ ಧಸಕ್ಕೆನ್ನುತ್ತದೆ, ಕೂಡಲೇ ಬಟ್ಟೆ ಸೀದ ವಾಸನೆ. ಈ ವಾಸನೆಯೂ ತಮ್ಮದೇ ಕೊಡುಗೆ ಎಂದು ತಿಳಿಯದೆ ನಾನು ಹನ್ನೊಂದು ವರ್ಷ ನಮ್ಮ ಇಸ್ತ್ರಿಯವರಿಗೆ ಬೈದಿದ್ದೇನೆ. ಪಾಪ, ಆ ಮನುಷ್ಯ ಪ್ರತಿ ಸಲವೂ ತಣ್ಣಗಿದ್ದ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ತನ್ನ ಕೆನ್ನೆಗೆ ಒತ್ತಿಕೊಂಡು "ನೋಡಿ ಅಕ್ಕಾ, ಇನ್ನೂ ಪ್ಲಗ್ಗೇ ಹಾಕಿಲ್ಲ" ಎಂದು ತೋರಿಸುತ್ತಿದ್ದರು. ಅವರಿಗೆ ನಾನು ಕೇಳಬೇಕಾದ ಹನ್ನೊಂದು ವರ್ಷದ ಕ್ಷಮೆಯನ್ನು ತಾವೇ ಖುದ್ದಾಗಿ ಹೋಗಿ ಕೇಳಬೇಕೆಂದು ಪ್ರಾರ್ಥನೆ.

ಅಲ್ಲಿಂದ ಮುಂದೆ ತಾವು ಮಿದುಳಿನ ಆ ಇಡೀ ಲೋಬಿಗೆ ಹರಡುತ್ತೀರಿ, ನಾನು ಅರಿವು ತಪ್ಪಿ ಊರು ಬಿಡುತ್ತೇನೆ. ಕಣ್ಣು ತೆರೆದೇ ಇರುತ್ತದಂತೆ, ಬಾಯಿ ಏನನ್ನೋ ಚಪ್ಪರಿಸುತ್ತದಂತೆ, ಬಲಗೈ ಹಿಡಿದದ್ದನ್ನು ಹಿಡಿದಂತೆಯೇ ಸೆಟೆದುಕೊಂಡರೆ ಎಡಗೈ ಎದುರಿಗೆ ಸಿಕ್ಕಿದ ಗುಂಡಿಗಳನ್ನು ಹಾಕುತ್ತ ಬಿಚ್ಚುತ್ತ ಇರುತ್ತದಂತೆ. ನಮ್ಮ ಅಂಗಡಿಯಲ್ಲಿ ನಾನು ಅಳತೆ ಕೂಗುವುದು, ನನ್ನ ನಾದಿನಿ ಅದನ್ನು ಪುಸ್ತಕಕ್ಕೆ ಇಳಿಸುವುದು ವಾಡಿಕೆ. ಒಂದು ದಿನ ಕೋಟು ಹೊಲಿಸಲು ಬಂದ ನಿವೃತ್ತ ಹೆಡ್‌ಮೇಡಮ್ಮಿನ ಸೊಂಟಕ್ಕೆ ಟೇಪು ಸುತ್ತಿದ ಗಳಿಗೆಯಲ್ಲೇ ತಾವು ದಯಮಾಡಿಸಿದಿರಿ. ಟೇಪು ಬಿಗಿಯಿತು, ನಾನು ಚಪ್ಪರಿಸುತ್ತ ನಿಂತೆ, ಹೆಡ್‌ಮೇಡಮ್ಮು ಇದೇನೋ ಹೊಸ ಪದ್ಧತಿ ಇರಬೇಕೆಂದು ಮರ್ಯಾದೆಗೆ ಹೊಟ್ಟೆ ಎಳೆದುಕೊಂಡು ಉಸಿರು ಬಿಗಿಹಿಡಿದರು, ನಾದಿನಿ ಕಾದೂ ಕಾದೂ ಕೊನೆಗೆ ಟೇಪನ್ನು ತಾನೇ ಓದಿ ಬರೆದುಕೊಂಡಳು. ಆ ಕೋಟು ಅವರಿಗೆ ಉಸಿರು ಬಿಡದಿದ್ದಾಗ ಮಾತ್ರ ಆಗುತ್ತದೆ. ಅವರೋ ತಾವೇ ದಪ್ಪಗಾಗಿದ್ದೇವೆಂದು ತಿಳಿದು ಬೆಳಗಿನ ನಡಿಗೆ ಶುರುಮಾಡಿದ್ದಾರೆ, ಮೇಲಾಗಿ "ಆಯಮ್ಮ ಎಷ್ಟು ಯೋಚನೆ ಮಾಡಿ ಅಳತೆ ತಗೋತಾರೆ ಗೊತ್ತಾ" ಎಂದು ಬೀದಿಯಲ್ಲೆಲ್ಲ ನನ್ನ ಗುಣಗಾನ ಮಾಡುತ್ತಿದ್ದಾರೆ. ಈ ಕೀರ್ತಿಗೆ ನಾನು ತಮಗೆ ಋಣಿ.

ಕರೆಯದೆ ಬರುವ ತಮ್ಮನ್ನು ಒಮ್ಮೆ ಕರೆದು ನೋಡಿದೆವು. ತಾವು ಎಲ್ಲಿಂದ ಹೊರಟು ಎಲ್ಲೆಲ್ಲಿ ಹೋಗುತ್ತೀರೆಂದು ಪತ್ತೆ ಮಾಡಲು ಆಸ್ಪತ್ರೆಯವರು ನನ್ನ ಮಾತ್ರೆ ಕಡಿಮೆ ಮಾಡಿ, ತಲೆಗೆ ಗೋಂದು ಹಚ್ಚಿ ವೈರು ಅಂಟಿಸಿ, ಮಂಚದ ಮೇಲೆ ಕ್ಯಾಮೆರಾ ಇಟ್ಟು, ತಾವು ಬಂದ ಕೂಡಲೇ ಒತ್ತಲೆಂದು ನಾದಿನಿಯ ಕೈಗೆ ಒಂದು ಗುಂಡಿ ಕೊಟ್ಟರು. ನಾಲ್ಕು ದಿನ ತಮ್ಮ ಸುಳಿವೇ ಇಲ್ಲ! ನಾನು ಆಕಳಿಸಿದರೆ ನಾದಿನಿ ಗುಂಡಿ ಒತ್ತಿದಳು, ಬ್ರೆಡ್ಡು ಅಗಿದರೆ ಒತ್ತಿದಳು, ಅವಳ ಮಾತಿಗೆ ಉತ್ತರ ಕೊಡದೆ ಗೋಡೆ ನೋಡಿದ್ದಕ್ಕೂ ಒತ್ತಿದಳು. ಮೂರನೆಯ ಸಲ ಓಡಿ ಬಂದ ನರ್ಸಮ್ಮ "ಅದು ಫಿಟ್ಸ್ ಅಲ್ಲಮ್ಮ, ಕೋಪ" ಎಂದು ಹೇಳಿ ಹೋದರು. ಐದನೆಯ ದಿನ ವೈರು ಬಿಚ್ಚಲು ಟೆಕ್ನೀಷಿಯನ್ನು ಒಳಗೆ ಬಂದಾಗ, ಸಾಹೇಬರು ತನಿಖೆ ಮುಗಿದ ಮೇಲೆ ಕಚೇರಿಗೆ ಬಂದಂತೆ, ತಾವು ಬಂದಿರಿ.

ಆ ಎಂಬತ್ತನಾಲ್ಕು ಸೆಕೆಂಡುಗಳನ್ನು ಡಾಕ್ಟರರು ನನಗೆ ಪರದೆಯ ಮೇಲೆ ತೋರಿಸಿದರು. ಮೊದಲು ಎಡಗಿವಿಯ ಬಳಿಯ ಎರಡೇ ಗೆರೆಗಳು ಸಣ್ಣಗೆ ನಡುಗಿದವು, ಆಮೇಲೆ ಅಕ್ಕಪಕ್ಕದವು, ಆಮೇಲೆ ಮಾತಿನ ಜಾಗದವು, ಆಮೇಲೆ ತಾವು ಎಡಬಲ ಮಿದುಳುಗಳ ನಡುವಿನ ಸೇತುವೆ ದಾಟಿ ಬಲಮಿದುಳಿಗೂ ಹೋದಿರಿ, ಇಡೀ ಪರದೆ ದಾರದ ಟೆನ್ಷನ್ ಕೆಟ್ಟ ಮಿಷನ್ನಿನ ಹೊಲಿಗೆಯ ಹಾಗಾಯಿತು. ಗೆರೆಗಳ ಕೆಳಗಿನ ಕ್ಯಾಮೆರಾ ಚಿತ್ರದಲ್ಲಿ ಮೈಯೆಲ್ಲ ಅದುರುತ್ತ ಬಿದ್ದಿದ್ದ ಹೆಂಗಸು ಯಾರೆಂದು ಒಂದು ಕ್ಷಣ ನನಗೆ ಹೊಳೆಯಲೇ ಇಲ್ಲ. ನನಗೆ ಅಳು ಬಂತು, ಅದನ್ನು ಮುಚ್ಚಿಡುವುದಿಲ್ಲ.

ಏಕೆಂದರೆ ತಾವು ಹಾಗೆ ಸೇತುವೆ ದಾಟಿದ್ದು ಅದು ಎರಡನೆಯ ಸಲ. ಮೊದಲನೆಯ ಸಲ ನಾನು ನನ್ನ ಮಗಳ ಸ್ಕೂಲ್ ಯೂನಿಫಾರ್ಮಿಗೆ ಅಳತೆ ತೆಗೆಯುತ್ತಿದ್ದೆ. ಹದಿಮೂರು ವರ್ಷದ ಹುಡುಗಿ, ಬೆನ್ನು ನೆಟ್ಟಗೆ ಮಾಡಿ ನಿಂತಿದ್ದಳು. ನೆಲದಿಂದ ಎದ್ದು ಕೂತ ಮೇಲೆ ನಾನು ಅವಳನ್ನೇ ನೋಡಿ "ಇದು ಯಾರ ಅಳತೆ?" ಎಂದು ಕೇಳಿದೆನಂತೆ, ಅವಳು "ನಂದೇ ಅಮ್ಮ" ಎಂದಳಂತೆ, ನಾನು "ನೀನ್ಯಾರಮ್ಮ?" ಎಂದೆನಂತೆ. ಮರುದಿನದಿಂದ ಶಾಲೆಗೆ ಹೊರಡುವ ಮುಂಚೆ ಬಾಗಿಲಲ್ಲಿ ನಿಂತು "ಅಮ್ಮ, ನಾನ್ಯಾರು?" ಎಂದು ಕೇಳುವುದು, ನಾನು "ನಮ್ಮತ್ತೆ" ಎನ್ನುವುದು, ಇಬ್ಬರೂ ನಗುವುದು ನಮ್ಮ ಮನೆಯ ನಿತ್ಯಕರ್ಮವಾಗಿದೆ. ಅವಳು ನಗುವ ಮುಂಚೆ ಒಂದು ಗಳಿಗೆ ನನ್ನ ಕಣ್ಣನ್ನೇ ನೋಡುತ್ತಾಳೆ. ಅದನ್ನು ಸಹಿಸುವುದು ನನ್ನಿಂದ ಇನ್ನು ಆಗದು.

ಆದ್ದರಿಂದ ಬರುವ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ತಮ್ಮನ್ನು ಕತ್ತರಿಸಿ ತೆಗೆಯಲಾಗುವುದು ಎಂದು ತಿಳಿಸಲು ವಿಷಾದಿಸುತ್ತೇನೆ, ನಿಜ ಹೇಳಬೇಕೆಂದರೆ ವಿಷಾದವೇನೂ ಇಲ್ಲ. ನನಗಿರುವ ಒಂದೇ ತೊಡಕೆಂದರೆ, ತಾವು ಪುಂಡಾಟದ ನಡುವೆಯೂ ನನ್ನ ಕೆಲವು ಹೆಸರು, ನೆನಪುಗಳನ್ನು ಕಾಯ್ದುಕೊಂಡಿದ್ದೀರಿ, ತಮ್ಮ ಜೊತೆ ಅವುಗಳಲ್ಲಿ ಒಂದಿಷ್ಟು ಹೋಗಬಹುದು. ಈಗಲೇ ಆಸ್ಪತ್ರೆಯ ನೆನಪಿನ ಪರೀಕ್ಷೆಯವರು ಕತ್ತರಿಯ ಚಿತ್ರ ತೋರಿಸಿ ಇದೇನೆಂದು ಕೇಳಿದಾಗ, ಇಪ್ಪತ್ತು ವರ್ಷ ಅದನ್ನೇ ಹಿಡಿದು ಬದುಕಿದವಳಿಗೆ ಆ ಪದ ಬಾರದೆ "ಅದು ನಂದು" ಎಂದುಬಿಟ್ಟೆ, ಸೊನ್ನೆ ಹಾಕಿದರು. ಸರ್ಜನ್ ಸಾಹೇಬರಿಗೆ ನಾನು "ಹೊಲಿಗೆಗೆ ಅರ್ಧ ಇಂಚು ಬಿಟ್ಟು ಕಟ್ ಮಾಡಿ ಸಾರ್" ಎಂದರೆ ಅವರು "ಅಷ್ಟು ಜಾಗ ಎಲ್ಲಿದೆಯಮ್ಮ, ಪಕ್ಕದಲ್ಲೇ ಮಾತಿದೆ" ಎಂದು ನಕ್ಕರು. ಅವರ ಕೈ ನೋಡಿದೆ. ಒಳ್ಳೆ ಕಟಿಂಗ್ ಮಾಸ್ಟರ್ ಕೈ.

ತಮ್ಮಲ್ಲಿ ನನ್ನ ಕೊನೆಯ ಬೇಡಿಕೆ ಇಷ್ಟೆ: ಸೋಮವಾರದೊಳಗೆ ನನ್ನ ಸಾಮಾನುಗಳನ್ನೆಲ್ಲ ಬಲಮಿದುಳಿನ ಕಡಲ್ಗುದುರೆಯಾದ ತಮ್ಮ ಅಣ್ಣನವರಿಗೆ ಒಪ್ಪಿಸಿ, ರಸೀದಿ ಪಡೆದು, ಸದ್ದಿಲ್ಲದೆ ಹೊರಡಬೇಕು. ಇದು ಆಗದ ಕೆಲಸವೆಂದು ಬಲ್ಲೆ. ನನ್ನ ಮಗಳೂ ಬಲ್ಲಳು. ನಮ್ಮ ಅಂಗಡಿಗೆ ಬರುವ ಪ್ರತಿ ಬಟ್ಟೆಗೂ ಗಿರಾಕಿಯ ಹೆಸರು, ಅಳತೆ, ಕೊಡುವ ದಿನ ಬರೆದ ಚೀಟಿಯನ್ನು ಗುಂಡುಸೂಜಿಯಿಂದ ಚುಚ್ಚುತ್ತೇವೆ. ಚೀಟಿ ಇದ್ದರೆ ಒಬ್ಬರ ಬಟ್ಟೆ ಇನ್ನೊಬ್ಬರ ಪಾಲಿಗೆ ಹೋಗುವುದಿಲ್ಲ. ಆಪರೇಷನ್ ಮುಗಿದು ನಾನು ಕಣ್ಣು ಬಿಡುವಾಗ ಎಲ್ಲರೂ ಚೀಟಿ ಚುಚ್ಚಿಕೊಂಡೇ ನಿಲ್ಲಬೇಕೆಂದು ಅವಳು ಆಜ್ಞೆ ಮಾಡಿ, ನಿನ್ನೆ ಕಟಿಂಗ್ ಟೇಬಲ್ಲಿನ ಮೇಲೆ ಕೂತು ಅವನ್ನೆಲ್ಲ ಬರೆದಿದ್ದಾಳೆ. ನಾದಿನಿಯ ಚೀಟಿಯಲ್ಲಿ 'ಅತ್ತೆ, ಗುಂಡಿ ಒತ್ತುವವರು' ಎಂದಿದೆ. ಮಗಳ ಚೀಟಿಯನ್ನು ನಾನು ಕದ್ದು ಓದಿದೆ.

'ಹೆಸರು: ಮಗಳು. ಅಳತೆ: ಅಮ್ಮನಿಗೆ ಗೊತ್ತು. ಕೊಡುವ ದಿನ: ಸೋಮವಾರ, ಅರ್ಜೆಂಟ್.'

ಇಂತಿ ತಮ್ಮ ವಿಶ್ವಾಸಿ
(ಸೋಮವಾರ ಬೆಳಿಗ್ಗೆ ಒಂಬತ್ತರವರೆಗೆ ಮಾತ್ರ),
ಟೈಲರಮ್ಮ

ಮರೆತ ಮಾತು: ತಮ್ಮನ್ನು ಹಾಕಿಡುವ ಬಾಟಲಿಗೂ ನಾನೇ ನನ್ನ ಕೈಯಾರೆ ಒಂದು ಚೀಟಿ ಬರೆದಿಟ್ಟಿದ್ದೇನೆ: 'ಕಟ್ ಪೀಸ್. ಯಾವ ಕಾರಣಕ್ಕೂ ವಾಪಸ್ ತೆಗೆದುಕೊಳ್ಳುವುದಿಲ್ಲ.'