ಅಡಿಬರಹ ಅಂಟಿಸಿದ ಬಂಗುಡೆ ಗಸಿ

ಪಕ್ಕದ ಮನೆ ಮೋಕ್ಷಿತಾಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮೂರು ಯಡ್ತರೆಯಲ್ಲಿ ಯಾರನ್ನು ಕೇಳಿದರೂ ಉಲ್ಟಾ ಹೇಳುತ್ತಾರೆ. ನನಗಿರುವುದು ನ್ಯಾಯವಾದ ಒಂದು ಸಂಕಟ, ಅಷ್ಟೆ. ನಾಲ್ಕು ವರ್ಷದ ಹಿಂದೆ ಬ್ರಹ್ಮಾವರದಿಂದ ಮದುವೆಯಾಗಿ ಬಂದಾಗ ಬಂಗುಡೆ ಮೀನಿನ ಗಸಿಗೆ, ಅಂದರೆ ನಮ್ಮ ಕಡೆಯ ಮಂದ ಸಾರಿಗೆ, ಹುಳಿ ಯಾವಾಗ ಹಾಕಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಕಲಿಸಿದವಳು ಜಲಜ, ಅಂದರೆ ನಾನು. ಈಗ ಅದೇ ಗಸಿಯನ್ನು ಮೊಬೈಲಿನಲ್ಲಿ ತೋರಿಸಿ ನಲವತ್ತು ಸಾವಿರ ಜನರ ಕೈಯಲ್ಲಿ 'ಸೂಪರ್ ಅಕ್ಕ' ಅನ್ನಿಸಿಕೊಳ್ಳುತ್ತಿದ್ದಾಳೆ. ಇಪ್ಪತ್ತು ವರ್ಷದಿಂದ ನನ್ನ ಮುಖ ಕಂಡ ಮೀನು ಮಾರ್ಕೆಟ್ಟಿನವರು ಈಗ ಕೇಳುತ್ತಾರೆ, "ಹ್ವಾಯ್, ನೀವ್ ಮೋಕ್ಷಿತಾ ಮನಿ ಹತ್ರದವ್ರಲ್ದಾ?"

ಅದನ್ನೂ ಸಹಿಸಿದ್ದೆ. ಆದರೆ ಒಂದು ಮಧ್ಯಾಹ್ನ ನನ್ನ ಯಜಮಾನರು ನಾನು ಬಡಿಸಿದ ಗಸಿ ಉಣ್ಣುತ್ತಾ ಅವಳ ಗಸಿಯ ವಿಡಿಯೋ ನೋಡುತ್ತಿದ್ದರು. (ಇವರ ಹೆಸರು ಜಿತೇಂದ್ರ. ಐಸ್ ಪ್ಲಾಂಟಿನಲ್ಲಿ ಗುಮಾಸ್ತರು. ಫೋನಿನಲ್ಲಿ ಯಾರೇನು ಹೇಳಿದರೂ ಕೆಮ್ಮು ಸಹಿತ ಬರೆದಿಡುವ ಮನುಷ್ಯ.)

"ಅಡಿಯಗೆ ಅಕ್ಷರ ಎಷ್ಟ್ ಚಂದ ಬತ್ತ್ ಕಾಣ್," ಅಂದರು.

"ಅಕ್ಷರ ಉಂಬುಕಾತ್ತಾ?" ಅಂದೆ.

"ಅದಲ್ಲ ಮಾರಾಯ್ತಿ. ಮಾತ್ ಅರ್ಥ ಆಯ್ದಿದ್ರೂ ಓದ್ಕಂಬ್ಲಕ್ಕ್."

ಇಪ್ಪತ್ತೆರಡು ವರ್ಷದಿಂದ ನನ್ನ ಒಂದು ಮಾತೂ ಅರ್ಥವಾಗದವರಿಗೆ ಅವಳ ಮಾತು ಓದುವ ಉಮೇದು. ಆವತ್ತು ಅವರಿಗೆ ಎರಡನೇ ಬಂಗುಡೆ ಬಡಿಸಲಿಲ್ಲ.

ಅದೇ ವಾರ ಮುಂಬೈಯಲ್ಲಿರುವ ನಮ್ಮೂರವರ ಸಂಘದಿಂದ ಊರಿನ ಅಡುಗೆಯ ವಿಡಿಯೋ ಸ್ಪರ್ಧೆಯ ಪ್ರಕಟಣೆ ಬಂತು. ನಿಯಮ ಎರಡು. ತೀರ್ಪುಗಾರರು ಬೇರೆ ಸೀಮೆಯವರು, ಅವರಿಗೆ ಕುಂದಾಪ್ರ ಕನ್ನಡ ಬಾರದು. ಆದ್ದರಿಂದ ಕೆಳಗೆ ಶುದ್ಧ ಕನ್ನಡದಲ್ಲಿ ಅಡಿಬರಹ, ಅಂದರೆ ಸಬ್‌ಟೈಟಲ್, ಇರಬೇಕು. ಫೈಲು ಇಪ್ಪತ್ತೈದು ಎಂಬಿ ಮೀರಬಾರದು. ಮೋಕ್ಷಿತಾ ಹೆಸರು ಕೊಟ್ಟಳೆಂದು ತಿಳಿದ ಮರುಗಳಿಗೆಯಲ್ಲಿ ನಾನೂ ಕೊಟ್ಟೆ.

ಭಾನುವಾರ ಚಿತ್ರೀಕರಣ. ನಾನು ಹೊಸ ಸೀರೆಯುಟ್ಟು ಒಲೆಯ ಮುಂದೆ ವಿರಾಜಮಾನಳಾದೆ. ಯಜಮಾನರು ಮೊಬೈಲನ್ನು ನನ್ನ ಬಾಯಿಗೆ ಒಂದು ಗೇಣಿನ ಹತ್ತಿರ ಹಿಡಿದರು. ಮಸಾಲೆ ಕಡೆಯುವಾಗ, "ಸುಮ್ನೆ ನಿಂತ್ರೆ ಚಂದ ಇಲ್ಲ, ಎಂತಾರೂ ಮಾತಾಡ್ತಾ ಇರ್," ಅಂದರು. ನಮ್ಮ ಮಿಕ್ಸಿ ತಿರುಗಿದರೆ ಬೈಂದೂರಿಗೆ ಬಂದ ರೈಲಿನ ಸದ್ದೂ ಕೇಳುವುದಿಲ್ಲ. ಆ ಧೈರ್ಯದ ಮೇಲೆ ನಾಲ್ಕು ವರ್ಷದಿಂದ ಮನಸ್ಸಿನಲ್ಲಿದ್ದದ್ದನ್ನೆಲ್ಲ ನಗುನಗುತ್ತಾ ಹೇಳಿ ಹಗುರಾದೆ.

"ಹೇಳಿದ್ದೆಲ್ಲಾ ಬರೀಕಾ?" ಅಂತ ಆಮೇಲೆ ಕೇಳಿದರು.

"ಒಂದಕ್ಷರ ಬಿಡೂಕಾಗ," ಅಂದೆ. ಹುಳಿ, ಉಪ್ಪಿನ ಅಳತೆ ಬಿಟ್ಟಾರು ಅನ್ನುವ ಚಿಂತೆ ನನಗೆ.

ಇವರು ಎರಡು ದಿನ ಕೂತು ಬರೆದು, ವಿಡಿಯೋದ ಒಳಗೆ ಸೇರಿಸಿದರು. ನಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ ಅಕ್ಷರ ಬಂತಂತೆ. ನನ್ನ ಮೊಬೈಲಿಗೆ ಹಾಕಿ ಕೊಟ್ಟರೆ ಒಂದು ಚುಕ್ಕೆಯೂ ಇಲ್ಲ. ಮೊದಲಿಂದ ಕೊನೆವರೆಗೆ ನೋಡಿದೆ; ನಾನು ಚೆನ್ನಾಗಿದ್ದೆ, ಅಕ್ಷರ ಇರಲಿಲ್ಲ.

"ಅಕ್ಷರ ಒಳ್ಗ್ ಇತ್ತ್. ನಿನ್ ಮೊಬೈಲ್ ತೋರ್ಸತಿಲ್ಲ," ಅಂದರು.

"ಒಳ್ಗ್ ಇದ್ರೆ ಯಾರಿಗೆ ಕಾಂತ್? ಮೋಕ್ಷಿತಾಂದ್ ಹ್ಯಾಂಗ್ ಕಾಂತ್?"

"ಅದ್ ಚಿತ್ರದ ಮೇಲೇ ಅಂಟ್ಸಿದ್ದ್. ಒಂದ್ಸಲ ಅಂಟ್ಸಿರೆ ಮತ್ತ್ ತೆಗೂಕಾತಿಲ್ಲ."

"ತೆಗೂದ್ ಎಂತಕ್ಕೆ? ಅಂಟ್ಸಿ."

ಅಂಟಿಸಿದರು. ಲ್ಯಾಪ್‌ಟಾಪು ಬೆಳಿಗ್ಗೆಯಿಂದ ಸಂಜೆವರೆಗೆ ಬಿಸಿಯಾಗಿ ಗೊರಕೆ ಹೊಡೆದು ಮುನ್ನೂರು ಎಂಬಿಯ ಮಹಾಕಾಯವೊಂದನ್ನು ಹೆತ್ತಿತು. ಇನ್ನು ಇಳಿಸುವ ಕೆಲಸ. ನನ್ನ ಕಣ್ಣು ಅಕ್ಷರದ ಮೇಲಲ್ಲ, ನನ್ನ ಮುಖದ ಮೇಲೆ. ನೂರಕ್ಕೆ ಇಳಿಸಿದಾಗ ನನ್ನ ಮೂಗುಬೊಟ್ಟು ಹೋಯಿತು. ಐವತ್ತಕ್ಕೆ ಮೂಗೇ ಹೋಯಿತು. ಇಪ್ಪತ್ತೈದಕ್ಕೆ ಬರುವಾಗ ಗಸಿಯೆಂಬುದು ಹೊಳೆಯ ಕೆಂಪು ನೀರಾಗಿ, ಅಕ್ಷರಗಳು ಅದರಲ್ಲಿ ತೇಲುವ ಕಸವಾಗಿದ್ದವು. ಮೋಕ್ಷಿತಾ ಆಗಲೇ ಕಳಿಸಿಯಾಗಿತ್ತು. ಹಿತ್ತಲಿನಲ್ಲಿ ಬಟ್ಟೆ ಒಣಗಿಸುತ್ತಾ, "ಜಲಜಕ್ಕ, ನಿಮ್ದ್ ಆಯ್ತಾ?" ಅಂತ ಕೇಳಿದಳು. ಎಷ್ಟು ಮೆತ್ತಗೆ ಕೇಳಿದಳೆಂದರೆ ನನಗೆ ರಾತ್ರಿಯ ಗಂಜಿ ಸೇರಲಿಲ್ಲ.

ಕೊನೆಗೆ ಯಜಮಾನರಿಗೆ ಜ್ಞಾನೋದಯವಾಯಿತು. ಮೊದಲು ಚಿತ್ರವನ್ನು ಚಿಕ್ಕದು ಮಾಡಿ, ಆಮೇಲೆ ಅದರ ಮೇಲೆ ದಪ್ಪ ಅಕ್ಷರ ಅಂಟಿಸುವುದು. ಹಾಗೆ ಮಾಡಿದರೆ ಮುಖ ಮಸುಕಾದರೂ ಅಕ್ಷರ ಮಸುಕಾಗದು. ಶನಿವಾರ ಮಧ್ಯಾಹ್ನ ಕೊನೆಯ ಗಡುವು. ಹನ್ನೊಂದೂವರೆಗೆ ಫೈಲು ಬಂತು. ಇಪ್ಪತ್ತನಾಲ್ಕು ಪಾಯಿಂಟ್ ಆರು. ಆ ಅಂಕೆ ನೋಡಿ ನನಗೆ ಆದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ವಿಡಿಯೋ ಮತ್ತೆ ನೋಡಲಿಲ್ಲ; ಅದನ್ನೇ ಎಷ್ಟು ಸಲ ನೋಡುವುದು? ಸಂಘಕ್ಕೆ ಕಳಿಸಿದೆ. ಕೈ ಸುಮ್ಮನಿರಲಿಲ್ಲ, ನಮ್ಮ ಬೀದಿಯ ಹೆಂಗಸರ ಗುಂಪಿಗೂ ಹಾಕಿದೆ. ಮೋಕ್ಷಿತಾ ನೋಡಲಿ ಅಂತಲೇ ಹಾಕಿದ್ದು, ಸುಳ್ಳು ಯಾಕೆ.

ಗುಂಪಿನಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಹೊಟ್ಟೆಕಿಚ್ಚು ಅಂದುಕೊಂಡೆ. ಅರ್ಧ ಗಂಟೆಯ ಮೇಲೆ ಕುಂದಾಪುರದಿಂದ, ಮದುವೆಯಾಗಿ ಹೋದರೂ ನಮ್ಮ ಬೀದಿಯ ಗುಂಪು ಬಿಡದ ನಾದಿನಿ ನವ್ಯಶ್ರೀ ಫೋನ್ ಮಾಡಿದಳು.

"ಅತ್ತಿಗಿ, ಮಿಕ್ಸಿ ತಿರ್ಗೂ ಜಾಗ ಒಂಚೂರ್ ಕಾಣಿ," ಅಂದು ಇಟ್ಟುಬಿಟ್ಟಳು.

ಕಂಡೆ. ಮಿಕ್ಸಿ ಘರ್ರೆನ್ನುತ್ತಿದೆ. ಮೂಗಿಲ್ಲದ ನಾನು ನಗುತ್ತಿದ್ದೇನೆ. ಕೆಳಗೆ ಮದುವೆ ಮಂಟಪದ ಬ್ಯಾನರಿನಷ್ಟು ಸ್ಪಷ್ಟವಾಗಿ, ವ್ಯಾಕರಣಶುದ್ಧವಾಗಿ, ಒಂದೊಂದೇ ಸಾಲು ಮೂಡುತ್ತಿದೆ. 'ಮೋಕ್ಷಿತಾ ತೆಂಗಿನಕಾಯಿ ತುರಿಯುವುದಿಲ್ಲ. ಪ್ಯಾಕೆಟ್ಟಿನ ಪುಡಿಯನ್ನು ಬಳಸುತ್ತಾಳೆ.' 'ಅವಳ ಅಡುಗೆಕಟ್ಟೆ ಕ್ಯಾಮೆರಾಕ್ಕೆ ಕಾಣುವಷ್ಟು ಮಾತ್ರ ಸ್ವಚ್ಛವಾಗಿದೆ.' 'ಅವಳ ಅತ್ತೆಯವರು ಹಸಿವಾದಾಗ ನಮ್ಮ ಮನೆಗೆ ಬರುತ್ತಾರೆ.' ಕೊನೆಯಲ್ಲಿ ಕಂಸದೊಳಗೆ, (ನಿಟ್ಟುಸಿರು).

"ಎಂತ ಮಾಡಿದ್ರಿ ಇದ್?" ಅಂದೆ.

"ಒಂದಕ್ಷರ ಬಿಡೂಕಾಗ ಅಂದದ್ದ್ ಯಾರ್?"

"ಮಿಕ್ಸಿ ಸದ್ದಗೆ ನಿಮ್ಗ್ ಕೇಂಡದ್ದಾರೂ ಹ್ಯಾಂಗೆ?"

"ಹತ್ರ ಇದ್ನಲೆ. ಕೇಣದ್ದನ್ನ ನಿನ್ ತುಟಿ ಕಂಡ್ ಬರ್ದೆ. ಎರಡ್ ದಿನ ಹಿಡಿದ್ದ್ ಅದ್ಕೇ."

ಅಳಿಸಿ ಅಂದೆ. ಅಂಟಿಸಿದ್ದು ಅಳಿಸಲು ಬರುವುದಿಲ್ಲ ಅಂತ ಮತ್ತೊಮ್ಮೆ ವಿವರಿಸಿದರು. ಅಷ್ಟರಲ್ಲಿ ಗಡುವೂ ಮುಗಿದಿತ್ತು, ಗುಂಪಿನವರೂ ನೋಡಿ ಮುಗಿಸಿದ್ದರು.

ಸಂಜೆ ನಾಲ್ಕಕ್ಕೆ ಮೋಕ್ಷಿತಾ ಬಂದಳು. ನಾನು ಬಾಗಿಲ ಹಿಂದೆ ನಿಂತೆ. ಅವಳು ನನ್ನತ್ತ ನೋಡಲೇ ಇಲ್ಲ, ಸೀದಾ ಇವರ ಮುಂದೆ ಹೋಗಿ ಕೂತಳು.

"ಜಿತೇಂದ್ರಣ್ಣ, ಇಪ್ಪತ್ತೈದ್ ಎಂಬಿ ಒಳ್ಗೆ ಅಕ್ಷರ ಅಷ್ಟ್ ಕ್ಲಿಯರಾಯಿ ಹ್ಯಾಂಗೆ ಬಂತ್? ನಂದ್ ಎಲ್ಲಾ ಮಸ್ಕ್ ಮಸ್ಕ್."

ಅವಳು ಬಯ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಯಜಮಾನರು ಲ್ಯಾಪ್‌ಟಾಪು ತೆರೆದು, ನನಗೆ ಯಾವತ್ತೂ ತೋರಿಸದ ತಾಳ್ಮೆಯಿಂದ, ಒಂದೂವರೆ ಗಂಟೆ ಪಾಠ ಹೇಳಿದರು. ಎದ್ದು ಹೋಗುವಾಗ ಅವಳು ಬಾಗಿಲ ಸಂದಿಗೆ ಮುಖ ತಂದು, "ಪುಡಿ ಹಾಕೂದ್ ಹೌದ್ ಅಕ್ಕ. ಅತ್ತಿ ಬಪ್ಪುದ್ ಮಾತ್ರ ನಂಗ್ ಗೊತ್ತಿರ್ಲಿಲ್ಲ," ಅಂದಳು.

ಹದಿನೈದು ದಿನಕ್ಕೆ ಫಲಿತಾಂಶ ಬಂತು. ಅಡುಗೆಯಲ್ಲಿ ನನಗೂ ಬಹುಮಾನವಿಲ್ಲ, ಅವಳಿಗೂ ಇಲ್ಲ. ಆದರೆ 'ಹೃದಯದಿಂದ ಬಂದ ಅಡಿಬರಹ' ಎಂದು ತೀರ್ಪುಗಾರರು ವಿಶೇಷ ಬಹುಮಾನವೊಂದನ್ನು ಸೃಷ್ಟಿಸಿ ಜಿತೇಂದ್ರ ಅವರಿಗೆ ಘೋಷಿಸಿದರು. ಮರುದಿನದಿಂದ ಮೋಕ್ಷಿತಾಳ ವಿಡಿಯೋಗಳಿಗೆಲ್ಲ ಇವರದೇ ಅಕ್ಷರ. ದಿನಾ ನಾಲ್ಕಕ್ಕೆ ತಲೆಬಾಚಿ ಹೊರಡುತ್ತಾರೆ. ತಿರುಗಿ ಬಂದ ಮೇಲೆ, "ಹೊಟ್ಟಿ ತುಂಬಿತ್," ಅನ್ನುತ್ತಾರೆ.

ಒಂದು ವಾರ ಸಹಿಸಿದೆ. ಎಂಟನೆಯ ದಿನ ಕಾವಲಿಗೆಂದು ನಾನೂ ಜೊತೆಗೆ ಹೋದೆ. ಸುಮ್ಮನೆ ಕೂತಿದ್ದವಳ ಮುಂದೆ ಅವಳ ಅತ್ತೆ ಬಂಗುಡೆಯ ಬುಟ್ಟಿ ಇಟ್ಟರು. ಈಗ ಆ ಕೆಲಸ ಖಾಯಂ ಆಗಿದೆ. ಮೋಕ್ಷಿತಾಳ ವಿಡಿಯೋ ನೀವು ನೋಡಿದ್ದರೆ, ಶುರುವಿನಲ್ಲಿ ಮೀನು ಕೊಯ್ಯುವ ಎರಡು ಕೈ ಕಾಣುತ್ತದಲ್ಲ, ಅವು ನನ್ನವು. ಮುಖ ಫ್ರೇಮಿನೊಳಗೆ ಬರುವುದಿಲ್ಲ. ಕೈಯ ಕೆಳಗೆ ಇವರ ದಪ್ಪ ಅಕ್ಷರದಲ್ಲಿ 'ಸಹಾಯಕಿ' ಅಂತ ಬರುತ್ತದೆ.

"ನನ್ ಹೆಸ್ರ್ ಬರೆಯೂಕೆ ಎಂತ ಆಯಿತ್ತ್ ನಿಮ್ಗೆ?" ಅಂತ ಕೇಳಿದೆ.

"ಫೈಲ್ ದೊಡ್ಡದಾತ್ತಂಬ್ರ್," ಅಂದರು, "ಮೋಕ್ಷಿತಾ ಹೇಳ್ತ್."