ಕ್ಸಾವರಜ್ಜನ ಪದಕಪಟ್ಟಿ

ಪದಕಪಟ್ಟಿಯ ಹಿಂದಿನ ಪಿನ್ನು ಮುರಿದದ್ದು ಫೋಲ್ಕ್‌ಮಾರನ ಕೈಯಲ್ಲೇ. ಅದೂ ಊರಿನ ಮಾಜಿ ಸೈನಿಕರ ಸಂಘದ ಹಬ್ಬದ ದಿನ ಬೆಳಿಗ್ಗೆ.

ಮೂರು ಪದಕಗಳನ್ನು ಬಣ್ಣಬಣ್ಣದ ರಿಬ್ಬನ್ನಿನಲ್ಲಿ ಸಾಲಾಗಿ ಹೊಲಿದ ಆ ಪಟ್ಟಿ ಅವನ ಮಾವ ಕೊರ್ಬಿನಿಯನ್ನರ ಅಜ್ಜ ಕ್ಸಾವರನದು. ಮೊದಲ ಮಹಾಯುದ್ಧದಲ್ಲಿ ಕ್ಸಾವರ್ ತೋರಿದ ಪರಾಕ್ರಮವನ್ನು ಮಾವ ಬಿಯರ್ ಅಂಗಡಿಯಲ್ಲಿ ಆಗಾಗ ವರ್ಣಿಸುತ್ತಿದ್ದರು. ಪ್ರತಿ ಸಲವೂ ಸತ್ತ ಶತ್ರುಗಳು ಒಂದಷ್ಟು ಹೆಚ್ಚುತ್ತಿದ್ದರು. ಇಂದು ಆ ಪಟ್ಟಿಯನ್ನು ಎದೆಗೆ ಸಿಕ್ಕಿಸಿಕೊಂಡು ಅವರು ಮೆರವಣಿಗೆಯ ಮುಂದೆ ನಡೆಯಬೇಕಿತ್ತು.

"ಸ್ವಲ್ಪ ಧೂಳು ಒರೆಸಿಡಿ ಅಳಿಯಂದ್ರೇ," ಎಂದಿದ್ದರು ಮಾವ. "ಜೋಪಾನ. ಪ್ರಶ್ಯದ ಕೈ ಅದು, ಒರಟು."

ಫೋಲ್ಕ್‌ಮಾರ್ ಜರ್ಮನಿಯ ಉತ್ತರದ ಪ್ರಶ್ಯ ಸೀಮೆಯವನು. ದಕ್ಷಿಣದ ಬವೇರಿಯದವರಿಗೂ ಪ್ರಶ್ಯದವರಿಗೂ ತಲೆಮಾರುಗಳಿಂದ ಆಗಿಬರುತ್ತಿರಲಿಲ್ಲ. ಬವೇರಿಯದ ಈ ಹಳ್ಳಿಗೆ ಮನೆಯಳಿಯನಾಗಿ ಬಂದು ತಲೆ ಬೋಳಾಗಿ, ಮೊಮ್ಮಗನೂ ಹುಟ್ಟಿದ್ದ. ಆದರೂ ಊರಿಗೆ ಅವನು ಇನ್ನೂ 'ಆ ಪ್ರಶ್ಯದವನು'. ಹುಲ್ಲು ಒಣಗಿಸುವಾಗ ಮಳೆ ಬಂದರೆ ಅವನು ಕರೆದು ತಂದದ್ದು, ಬಿಯರಿನ ನೊರೆ ಇಳಿದರೆ ಅವನ ಕಣ್ಣು ಬಿದ್ದದ್ದು.

ಪಿನ್ನು ಟಕ್ಕೆಂದ ಸದ್ದಿಗೆ ಬೇಲಿಯಾಚೆಯಿಂದ ನೆರೆಮನೆಯ ರೋಸ್ವಿತಾಳ ತಲೆ ಮೇಲೆದ್ದಿತು.

"ಅಯ್ಯೋ, ಮುರಿದೇಬಿಟ್ಯಾ?"

"ಇಲ್ಲಕ್ಕ, ಸ್ವಲ್ಪ ಬಿಟ್ಕೊಂಡಿದೆ ಅಷ್ಟೇ."

"ಪೇಟೆಲಿ ಷ್ಟಾಡ್ಲರ್ ಮೇಡಂ ಇದಾರಲ್ಲ, ಹಳೇ ಪದಕ ಅಸಲೋ ನಕಲೋ ಅಂತ ನೋಡಿ ಹೇಳೋರು? ರಿಪೇರಿನೂ ಮಾಡ್ತಾರೆ. ಓಡು. ನಾನು ಯಾರಿಗೂ ಹೇಳಲ್ಲ."

ಅವನ ಸೈಕಲ್ಲು ತಿರುವು ದಾಟುವುದರೊಳಗೆ ಅವಳು ಮೂರು ಮನೆಗೆ ಹೇಳಿಯಾಗಿತ್ತು. ಮೂರನೆಯ ಮನೆ ಮುಟ್ಟುವಾಗ ಸುದ್ದಿ 'ಪ್ರಶ್ಯದವನು ಪದಕ ಮಾರೋಕೆ ಓಡಿದ' ಎಂದಾಗಿತ್ತು.

ಷ್ಟಾಡ್ಲರ್ ಮೇಡಂ ಪಿನ್ನಿಗಿಂತ ಮೊದಲು ಪದಕಗಳನ್ನೇ ನೋಡಿದರು. ಮೊದಲನೆಯದಾದ ಕಬ್ಬಿಣದ ಶಿಲುಬೆಗೆ ಅಯಸ್ಕಾಂತ ಹಿಡಿದರು. ಅದು ಹಸಿದ ಜಿಗಣೆಯಂತೆ ಕಚ್ಚಿಕೊಂಡಿತು.

"ನಡುವೆ ಕಬ್ಬಿಣ, ಸುತ್ತ ಬೆಳ್ಳಿ ಅಂಚು. ಇಲ್ಲಿ ಬೆಸುಗೆ ಗೆರೆ ನೋಡಿ. ನಕಲಿ ಆಗಿದ್ರೆ ಒಂದೇ ಅಚ್ಚಲ್ಲಿ ಹೊಯ್ದುಬಿಟ್ಟಿರ್ತಾರೆ." ಪರದೆ ಎಳೆದು ನೇರಳೆ ದೀಪ ಹಚ್ಚಿದರು. "ಈಗಿನ ದಾರ ಆಗಿದ್ರೆ ಮಿಂಚುಹುಳದ ಥರ ಹೊಳೀತಿತ್ತು. ಇದು ಸುಮ್ನಿದೆ. ಎಲ್ಲಾ ಅಸಲಿ. ಯಾರದು ಅಂದ್ರಿ?"

"ನನ್ನ ಹೆಂಡ್ತಿ ಮುತ್ತಜ್ಜಂದು. ಅಪ್ಪಟ ಬವೇರಿಯದ ವೀರ."

"ಹುಟ್ಟಿದ್ದು ಯಾವಾಗ?"

"ಸಾವಿರದ ಎಂಟುನೂರ ಎಂಬತ್ತೆಂಟು. ಸಮಾಧಿ ಮೇಲಿನ ಹೂವಿಗೆ ನೀರು ಹಾಕೋನು ನಾನೇ ಅಲ್ವಾ."

ಮೇಡಂ ಕನ್ನಡಕ ತೆಗೆದರು. "ಶಿಲುಬೆ ಬಿಡಿ, ಎಲ್ಲ ಸೀಮೆಯವರಿಗೂ ಕೊಟ್ಟಿದ್ರು. ಎರಡನೇದು ಪ್ರಶ್ಯದ ಮೀಸಲು ಪಡೆಯವರಿಗೆ. ಮೂರನೇದು ಪ್ರಶ್ಯದ ಹಳೇ ಚಕ್ರವರ್ತಿ ನೂರನೇ ಜಯಂತಿಗೆ, ಆಗ ಪಡೆಯಲ್ಲಿದ್ದವರಿಗೆ ಹಂಚಿದ್ದು. ಸಾವಿರದ ಎಂಟುನೂರ ತೊಂಬತ್ತೇಳು. ನಿಮ್ಮ ವೀರ ಆಗ ಒಂಬತ್ತು ವರ್ಷದ ಹುಡುಗ. ಬವೇರಿಯದ್ದು ಅಂತ ಇದರಲ್ಲಿ ಒಂದು ಚೂರೂ ಇಲ್ಲ. ಇದು ಪ್ರಶ್ಯದವನ ಎದೆ ಮೇಲಿದ್ದ ಪಟ್ಟಿ."

"ಇನ್ನೊಂದ್ಸಲ ಹೇಳಿ," ಎಂದ ಫೋಲ್ಕ್‌ಮಾರ್.

ಹೇಳಿದರು. ಅವನಿಗೆ ಅವರ ಕೈಗೆ ಮುತ್ತಿಡಬೇಕೆನಿಸಿತು. ಪಿನ್ನು ಹಾಕಿಸಿಕೊಂಡು ಹೊರಟವನಿಗೆ ಊರಿನ ಏರುದಾರಿಯೂ ಇಳಿಜಾರಿನಂತೆ ಕಂಡಿತು.

ಬಿಯರ್ ಅಂಗಡಿಯ ಅಂಗಳದಲ್ಲಿ ಊರಿಗೆ ಊರೇ ಕಾಯುತ್ತಿತ್ತು. ಮಾವ ಹಬ್ಬದ ತೊಗಲಿನ ಚಡ್ಡಿ ತೊಟ್ಟು, ಪದಕವಿಲ್ಲದ ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು.

"ಯಾರಿಗೆ ಮಾರ್ದೆ?" ಎಂದರು. ಬಹುವಚನ ಹೋಗಿತ್ತು.

"ಮಾನ ಕಳೆದ್ರಲ್ರೀ," ಎಂದಳು ಹೆಂಡತಿ ಅಫ್ರಾ.

ಫೋಲ್ಕ್‌ಮಾರ್ ಬೆಂಚು ಹತ್ತಿ ಪಟ್ಟಿಯನ್ನು ಎತ್ತಿ ಹಿಡಿದ. ಅಯಸ್ಕಾಂತ, ದಾರ, ಚಕ್ರವರ್ತಿ, ಎಲ್ಲವನ್ನೂ ಹೇಳಿದ; ಒಂಬತ್ತು ವರ್ಷದ ಹುಡುಗನ ಲೆಕ್ಕವನ್ನು ಮಾತ್ರ ಬಿಟ್ಟ. "ಪಟ್ಟಿ ಅಸಲಿ! ಆದ್ರೆ ಪ್ರಶ್ಯದ್ದು! ನಿಮ್ಮಜ್ಜನೂ ಪ್ರಶ್ಯದವನೇ ಮಾವ! ನಿಮ್ಮ ಮೈಯಲ್ಲೂ ಅದೇ ರಕ್ತ!"

ವಾದ್ಯದವನ ಕಹಳೆ ಅರ್ಧಕ್ಕೇ ನಿಂತಿತು. ಮಾವ ಕುಸಿದು ಕೂತರು. ಪಕ್ಕದಲ್ಲಿದ್ದ ಊರಿನ ಕಟುಕ ಮೆಲ್ಲಗೆ ತನ್ನ ಕುರ್ಚಿಯನ್ನು ಅವರಿಂದ ದೂರ ಸರಿಸಿಕೊಂಡ. ಅದನ್ನು ಕಂಡು ಫೋಲ್ಕ್‌ಮಾರನಿಗೆ ಎಷ್ಟು ತೃಪ್ತಿಯಾಯಿತೆಂದರೆ, ಊರನ್ನೆಲ್ಲ ಕ್ಷಮಿಸಿಬಿಡೋಣವೆಂದು ಬಾಯಿ ತೆರೆದ.

ಅಷ್ಟರಲ್ಲಿ ಮೂಲೆಯಲ್ಲಿ ಊರುಗೋಲು ನೆಲಕ್ಕೆ ಬಡಿಯಿತು. ಕ್ಸಾವರನ ಮಗಳು, ಮಾವನ ಸೋದರತ್ತೆ, ನೂರರ ಹತ್ತಿರದ ವಾಲ್ಬುರ್ಗಾ.

"ಪದಕ ತನಗೆ ಕೊಟ್ರು ಅಂತ ನಮ್ಮಪ್ಪ ಯಾವತ್ತು ಹೇಳಿದ್ದ? ಅವನು ಪಡೆಯಲ್ಲಿ ಅಡುಗೆ ಮಾಡ್ತಿದ್ದೋನು. ಯುದ್ಧ ಮುಗಿದ್ಮೇಲೆ ಪ್ರಶ್ಯದ ಹವಾಲ್ದಾರ ಒಬ್ಬ ಹಸ್ಕೊಂಡು ಬಾಗಿಲಿಗೆ ಬಂದನಂತೆ. ಅಪ್ಪ ಒಂದು ತಟ್ಟೆ ಹುರಿದ ಹಂದಿಮಾಂಸ ತೋರಿಸ್ದ. ಅವನು ಎದೆ ಮೇಲಿದ್ದದ್ದು ಬಿಚ್ಚಿಟ್ಟು ತಿಂದ. ಇನ್ನೊಂದು ತಟ್ಟೆ ಬೇಕು ಅಂತ ಅತ್ತ. ಆದ್ರೆ ಬಿಚ್ಚಿಡೋಕೆ ಇನ್ನೇನಿತ್ತು ಅವನ ಹತ್ರ?"

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅತ್ತೆ?" ಎಂದರು ಮಾವ.

"ಬಾಯಿ ತೆರೆಯೋಕೆ ನೀನು ಬಿಟ್ರೆ ತಾನೆ!"

ಆಮೇಲೆ ಕಟುಕ ಮೇಜು ಗುದ್ದಿ ಗರ್ಜಿಸಿದ: "ಒಂದು ಗುಂಡೂ ಹಾರಿಸ್ದೆ, ಒಂದೇ ತಟ್ಟೇಲಿ ಪ್ರಶ್ಯದವನ ಎದೆ ಬೋಳಿಸ್ಬಿಟ್ಟ ನಮ್ಮ ಕ್ಸಾವರ್!"

ಅಂಗಳವೆಲ್ಲ ಹೋ ಎಂದು ನಕ್ಕಿತು. ಯುದ್ಧ ಗೆದ್ದ ಕ್ಸಾವರನಿಗಿಂತ ಈ ಕ್ಸಾವರ್ ಹತ್ತು ಪಟ್ಟು ದೊಡ್ಡವನಾದ. ಮಾವ ಎದ್ದು ನಿಂತು ಎಲ್ಲರ ಕೈ ಕುಲುಕಿದರು. ಸಂಘದ ಅಧ್ಯಕ್ಷರು ಕಣ್ಣೊರೆಸಿಕೊಂಡು, ಈ ಪ್ರಸಂಗವನ್ನು ಈಗಲೇ ವೇದಿಕೆಯ ಮೇಲೆ ಆಡಿ ತೋರಿಸಬೇಕೆಂದರು.

"ಕ್ಸಾವರನ ಪಾತ್ರ ನಂದು," ಎಂದರು ಮಾವ.

"ಮತ್ತೆ ಪ್ರಶ್ಯದವನು?"

ಎಲ್ಲ ತಲೆಗಳೂ ಬೆಂಚಿನ ಕಡೆ ತಿರುಗಿದವು.

ಫೋಲ್ಕ್‌ಮಾರನ ಎದೆಗೆ ಪಟ್ಟಿ ಸಿಕ್ಕಿಸಿ, ವೇದಿಕೆಯ ಮೇಲೆ ಮಂಡಿಯೂರಿಸಿದರು. ಬೆಳಿಗ್ಗೆಯಿಂದ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹಬೆಯಾಡುವ ತಟ್ಟೆ ಕಂಡು, ಇದಾದರೂ ದಕ್ಕಲಿ ಎಂದುಕೊಂಡು ಪದಕ ಬಿಚ್ಚಿಟ್ಟ. ಮಾವ ಪಟ್ಟಿಯನ್ನು ಎತ್ತಿಕೊಂಡರು, ತಟ್ಟೆಯನ್ನೂ ಎತ್ತಿಕೊಂಡರು.

"ಮಾಂಸ?" ಎಂದ ಫೋಲ್ಕ್‌ಮಾರ್.

"ಅದು ತಿಂದಾಯ್ತು ಅಂದ್ಕೊಳ್ಳಿ ಅಳಿಯಂದ್ರೇ," ಎಂದು ಮಾವ ಪಿಸುಗುಟ್ಟಿ ಒಂದು ತುಂಡು ಬಾಯಿಗೆ ಹಾಕಿಕೊಂಡರು. "ಈಗ ಇನ್ನೊಂದು ತಟ್ಟೆಗೆ ಅಳಬೇಕು. ಚೆನ್ನಾಗಿ ಅಳಿ. ಪ್ರತಿ ವರ್ಷ ಆಡಬೇಕಲ್ಲ."